ಟ್ರ್ಯಾಕ್ಟರ್ ಬ್ರೇಕ್: ಕಚ್ಚಿಕೊಂಡ ಭಾಗಗಳನ್ನು ಬಿಡಿಸುವ ಕ್ರಮ

ಹಳೆಯ ಕೃಷಿ ಟ್ರ್ಯಾಕ್ಟರುಗಳ ಬ್ರೇಕಿನಲ್ಲಿ ಡ್ರಮ್, ಶೂ, ಕ್ಯಾಮ್, ಪೆಡಲ್ ಶಾಫ್ಟ್ ಮೊದಲಾದ ಭಾಗಗಳು ತುಕ್ಕು, ಕೆಸರು ಮತ್ತು ಒಣಗಿದ ಗ್ರೀಸಿನಿಂದ ಒಂದಕ್ಕೊಂದು ಕಚ್ಚಿಕೊಂಡು ಅಲುಗದಂತಾಗುತ್ತವೆ. ಗ್ಯಾರೇಜಿನ ಮಾತಿನಲ್ಲಿ ಇದು ಬ್ರೇಕ್ ಜಾಮ್. ಹೀಗೆ ಜಾಮ್ ಆದ ಭಾಗಗಳನ್ನು ಒಡೆಯದೆ ಕಳಚಿ, ಉಳಿಸಿಕೊಳ್ಳಬಹುದಾದದ್ದನ್ನು ಉಳಿಸಿಕೊಂಡು ಮತ್ತೆ ಕೆಲಸಕ್ಕೆ ತರುವುದು ಹಳೆಯ ಟ್ರ್ಯಾಕ್ಟರ್ ದುರಸ್ತಿಯಲ್ಲಿ ಅತ್ಯಂತ ತಾಳ್ಮೆ ಬೇಡುವ ಕೆಲಸಗಳಲ್ಲೊಂದು. ಬ್ರೇಕಿನ ಮುಖ್ಯ ಭಾಗಗಳಲ್ಲಿ ಹಲವು ಎರಕದ ಕಬ್ಬಿಣದವು. ಎರಕದ ಕಬ್ಬಿಣ ಒತ್ತಡವನ್ನು ತಾಳುತ್ತದೆ, ಪೆಟ್ಟನ್ನು ತಾಳುವುದಿಲ್ಲ. ಆದ್ದರಿಂದ ಸುತ್ತಿಗೆ ಎತ್ತುವ ಮೊದಲು ತುಕ್ಕು ಯಾವ ಎರಡು ಮುಖಗಳ ನಡುವೆ ಹಿಡಿದಿದೆ ಎಂದು ಪತ್ತೆ ಮಾಡುವುದೇ ಈ ಕೆಲಸದ ಅರ್ಧ ಭಾಗ.

ಹಿನ್ನೆಲೆ

ಇಂದು ಹಳೆಯವು ಎನಿಸಿಕೊಂಡ ಟ್ರ್ಯಾಕ್ಟರುಗಳಲ್ಲಿ ಹೆಚ್ಚಿನವು 1940ರಿಂದ 1970ರ ದಶಕಗಳ ವಿನ್ಯಾಸಗಳು. ಹ್ಯಾರಿ ಫರ್ಗ್ಯುಸನ್ ರೂಪಿಸಿದ ಟಿಇ 20 ಮಾದರಿಯನ್ನು ಇಂಗ್ಲೆಂಡಿನ ಕವೆಂಟ್ರಿಯಲ್ಲಿ ಸ್ಟ್ಯಾಂಡರ್ಡ್ ಮೋಟಾರ್ ಕಂಪನಿ 1946ರಿಂದ 1956ರವರೆಗೆ ತಯಾರಿಸಿತು. ಐದು ಲಕ್ಷಕ್ಕೂ ಹೆಚ್ಚು ಟ್ರ್ಯಾಕ್ಟರುಗಳು ಆ ಕಾರ್ಖಾನೆಯಿಂದ ಹೊರಬಂದವು. ಅದರ ಮುಂದಿನ ಪೀಳಿಗೆಯೇ 35 ಮಾದರಿ. 1953ರಲ್ಲಿ ಫರ್ಗ್ಯುಸನ್ ಕಂಪನಿ ಕೆನಡಾದ ಮ್ಯಾಸ್ಸಿ-ಹ್ಯಾರಿಸ್ ಜೊತೆ ಸೇರಿದ ನಂತರ ಅದು ಮ್ಯಾಸ್ಸಿ ಫರ್ಗ್ಯುಸನ್ 35 ಎಂದು ಹೆಸರಾಯಿತು. 1964ರಲ್ಲಿ 135 ಮಾದರಿ ಬಂತು.

ಭಾರತಕ್ಕೆ ಈ ಪರಂಪರೆ ಬಂದದ್ದು ಮದ್ರಾಸಿನ ಮೂಲಕ. 1960ರಲ್ಲಿ ಅಲ್ಲಿ ಸ್ಥಾಪನೆಯಾದ ಟ್ಯಾಫೆ ಕಂಪನಿ ಮ್ಯಾಸ್ಸಿ ಫರ್ಗ್ಯುಸನ್ ಸಹಯೋಗದಲ್ಲಿ ಟ್ರ್ಯಾಕ್ಟರ್ ತಯಾರಿಸತೊಡಗಿತು. ಅದರ 1035 ಮಾದರಿ ದಕ್ಷಿಣ ಭಾರತದ ಹಳ್ಳಿಗಳಲ್ಲಿ ಮನೆಮಾತಾಯಿತು. ಕರ್ನಾಟಕದ ದೊಡ್ಡಬಳ್ಳಾಪುರದಲ್ಲೂ ಈ ಕಂಪನಿಯ ಕಾರ್ಖಾನೆಯಿದೆ. ಇನ್ನೊಂದು ಕವಲು ಇಂಟರ್‌ನ್ಯಾಷನಲ್ ಹಾರ್ವೆಸ್ಟರ್ ಕಂಪನಿಯದು. ಅದರ ಬಿ-275 ಮಾದರಿಯನ್ನು 1963ರಲ್ಲಿ ಸ್ಥಾಪನೆಯಾದ ಇಂಟರ್‌ನ್ಯಾಷನಲ್ ಟ್ರ್ಯಾಕ್ಟರ್ ಕಂಪನಿ ಆಫ್ ಇಂಡಿಯಾದ ಮೂಲಕ ಮಹೀಂದ್ರ ಇಲ್ಲಿ ತಯಾರಿಸಿತು. ಮೊದಲ ಕವಲಿನದು ಡ್ರಮ್ ಬ್ರೇಕ್, ಎರಡನೆಯದರದು ಒಣ ಡಿಸ್ಕ್ ಬ್ರೇಕ್. ಎಣ್ಣೆಯಲ್ಲಿ ಮುಳುಗಿರುವ ಬ್ರೇಕ್ ಸಾಮಾನ್ಯವಾದದ್ದು ಆಮೇಲೆ. ಜಾಮ್ ಆಗುವ ತೊಂದರೆ ಹೆಚ್ಚಾಗಿ ಕಾಡುವುದು ಮೊದಲಿನ ಈ ಎರಡು ಬಗೆಗಳನ್ನು.

ರಚನೆ

ಈ ಹಳೆಯ ಟ್ರ್ಯಾಕ್ಟರುಗಳಲ್ಲಿ ಬ್ರೇಕ್ ಇರುವುದು ಹಿಂದಿನ ಎರಡು ಚಕ್ರಗಳಿಗೆ ಮಾತ್ರ. ಪ್ರತಿ ಚಕ್ರಕ್ಕೂ ಬೇರೆ ಬೇರೆ ಪೆಡಲ್ ಇರುತ್ತದೆ. ಹೊಲದ ಬದುವಿನಲ್ಲಿ ತಿರುಗುವಾಗ ಒಂದು ಪೆಡಲ್ ಮಾತ್ರ ಒತ್ತಿದರೆ ಆ ಬದಿಯ ಚಕ್ರ ನಿಂತು ಟ್ರ್ಯಾಕ್ಟರ್ ಅದರ ಸುತ್ತ ಹೊರಳುತ್ತದೆ. ರಸ್ತೆಗೆ ಇಳಿದಾಗ ಎರಡು ಪೆಡಲುಗಳನ್ನೂ ಕೊಂಡಿ ಹಾಕಿ ಜೋಡಿಸಬೇಕು.

ಮ್ಯಾಸ್ಸಿ ಫರ್ಗ್ಯುಸನ್ 35ರಂಥ ಟ್ರ್ಯಾಕ್ಟರಿನಲ್ಲಿ 14 ಇಂಚು, ಅಂದರೆ ಸುಮಾರು 355 ಮಿ.ಮೀ. ವ್ಯಾಸದ ಡ್ರಮ್ ಹಿಂದಿನ ಆಕ್ಸಲಿನ ಹಬ್ ಮೇಲೆ ಕೂತು ಚಕ್ರದ ಜೊತೆ ತಿರುಗುತ್ತದೆ. ಅದನ್ನು ಹಬ್‌ಗೆ ಹಿಡಿದಿಡುವುದು ತಲೆ ಒಳಗಿಳಿದ ಎರಡು ಸಣ್ಣ ಸ್ಕ್ರೂಗಳು. ಡ್ರಮ್ಮಿನೊಳಗೆ ಲೈನರ್, ಅಂದರೆ ಉಜ್ಜಿ ಹಿಡಿಯುವ ಪದರ, ಹಚ್ಚಿದ ಎರಡು ಅರ್ಧಚಂದ್ರಾಕಾರದ ಶೂಗಳಿರುತ್ತವೆ. ಒಂದು ತುದಿಯಲ್ಲಿ ಅವುಗಳ ನಡುವೆ ಕ್ಯಾಮ್, ಇನ್ನೊಂದು ತುದಿಯಲ್ಲಿ ಅಡ್ಜಸ್ಟರ್. ಪೆಡಲ್ ಒತ್ತಿದಾಗ ಎಳೆಗಂಬಿ ಹೊರಗಿನ ಲಿವರನ್ನು ಎಳೆಯುತ್ತದೆ, ಲಿವರ್ ಕ್ಯಾಮ್ ಶಾಫ್ಟನ್ನು ತಿರುಗಿಸುತ್ತದೆ, ಕ್ಯಾಮ್ ಶೂಗಳನ್ನು ಹೊರಕ್ಕೆ ದೂಡಿ ಡ್ರಮ್ಮಿಗೆ ಒತ್ತುತ್ತದೆ. ಕಾಲು ತೆಗೆದಾಗ ಸ್ಪ್ರಿಂಗ್‌ಗಳು ಶೂಗಳನ್ನು ಹಿಂದಕ್ಕೆ ಎಳೆಯುತ್ತವೆ. ಪೆಡಲಿನಿಂದ ಡ್ರಮ್ಮಿನವರೆಗೆ ಎಲ್ಲವೂ ಕಂಬಿ, ಪಿನ್, ಲಿವರುಗಳ ಸರಪಳಿ. ಹೈಡ್ರಾಲಿಕ್ ಇಲ್ಲ. ಈ ಸರಪಳಿಯ ಯಾವ ಕೊಂಡಿ ಬಿಗಿದುಕೊಂಡರೂ ಬ್ರೇಕ್ ಕೆಟ್ಟಂತೆ.

ಡಿಸ್ಕ್ ಬಗೆಯಲ್ಲಿ ಚಕ್ರಕ್ಕಿಂತ ವೇಗವಾಗಿ ತಿರುಗುವ ಒಳಗಿನ ಶಾಫ್ಟೊಂದರ ಸ್ಪ್ಲೈನ್ ಮೇಲೆ ಲೈನರ್ ಹಚ್ಚಿದ ಎರಡು ಡಿಸ್ಕುಗಳು ಕೂತಿರುತ್ತವೆ. ಅವುಗಳ ನಡುವೆ ಒಂದಕ್ಕೊಂದು ಅಂಟಿಕೊಂಡಂತೆ ಎರಡು ಪ್ಲೇಟುಗಳು, ಪ್ಲೇಟುಗಳ ಇಳಿಜಾರು ಗುಳಿಗಳಲ್ಲಿ ಉಕ್ಕಿನ ಗುಂಡುಗಳು. ಪೆಡಲ್ ಒತ್ತಿದಾಗ ಪ್ಲೇಟುಗಳು ಎದುರುಬದುರು ತಿರುಗುತ್ತವೆ. ಗುಂಡುಗಳು ಇಳಿಜಾರು ಏರುತ್ತ ಪ್ಲೇಟುಗಳನ್ನು ಅಗಲಿಸಿ ಡಿಸ್ಕುಗಳನ್ನು ಹೌಸಿಂಗಿಗೆ ಒತ್ತುತ್ತವೆ.

ಕಚ್ಚಿಕೊಳ್ಳಲು ಕಾರಣಗಳು

ಮೊದಲ ಕಾರಣ ತುಕ್ಕು. ಕಬ್ಬಿಣ ತುಕ್ಕಾದಾಗ ಅದು ಮೊದಲಿಗಿಂತ ಎರಡು ಪಟ್ಟಿಗೂ ಹೆಚ್ಚು ಜಾಗ ಬೇಡುತ್ತದೆ. ಹಬ್ ಮತ್ತು ಡ್ರಮ್ಮಿನ ನಡುವೆ ಕೂದಲೆಳೆಯಷ್ಟೂ ಸಂದಿಲ್ಲದ ಕಡೆ ತುಕ್ಕು ಹುಟ್ಟಿದರೆ ಅದು ಬೆಣೆಯಂತೆ ಬಿಗಿದುಕೊಳ್ಳುತ್ತದೆ. ಕೆಸರುಗದ್ದೆಯಲ್ಲಿ ದಮ್ಮೆ ಹೊಡೆದ ಟ್ರ್ಯಾಕ್ಟರಿನ ಬ್ರೇಕಿನೊಳಗೆ ನೀರು ಮತ್ತು ನುಣ್ಣನೆಯ ಮಣ್ಣು ಸೇರುತ್ತವೆ. ರಸಗೊಬ್ಬರದ ಉಪ್ಪಿನಂಶವೂ ಸೇರಿದರೆ ತುಕ್ಕು ಇನ್ನೂ ಬೇಗ ಹಬ್ಬುತ್ತದೆ.

ಎರಡನೆಯದು ನಿಲುಗಡೆ. ಬ್ರೇಕ್ ಒತ್ತಿ ಕೊಂಡಿ ಹಾಕಿ ಮಳೆಗಾಲವಿಡೀ ನಿಲ್ಲಿಸಿದ ಟ್ರ್ಯಾಕ್ಟರಿನಲ್ಲಿ ಲೈನರ್ ಒದ್ದೆಯಾಗಿ ಡ್ರಮ್ಮಿಗೆ ಒತ್ತಿಕೊಂಡೇ ಇರುತ್ತದೆ. ಡ್ರಮ್ಮಿನ ಮೇಲೆ ಹುಟ್ಟಿದ ತುಕ್ಕು ಲೈನರಿನ ಸೂಕ್ಷ್ಮ ರಂಧ್ರಗಳಿಗೆ ಇಳಿದು ಎರಡನ್ನೂ ಬೆಸೆಯುತ್ತದೆ. ಉಳುವ ಕಾಲಕ್ಕೆ ಗೇರ್ ಹಾಕಿದರೆ ಚಕ್ರ ತಿರುಗುವುದೇ ಇಲ್ಲ.

ಮೂರನೆಯದು ಗ್ರೀಸಿನ ಅಲಕ್ಷ್ಯ. ಕ್ಯಾಮ್ ಶಾಫ್ಟಿನ ಬುಷ್ ಮತ್ತು ಪೆಡಲ್ ಶಾಫ್ಟ್ ಗ್ರೀಸ್ ಇಲ್ಲದೆ ಒಣಗುತ್ತವೆ. ಇದ್ದ ಹಳೆಯ ಗ್ರೀಸು ಮಣ್ಣಿನ ಜೊತೆ ಸೇರಿ ಗಟ್ಟಿ ಅಂಟಾಗುತ್ತದೆ. ಬ್ರೇಕ್ ಬಿಡುತ್ತಿಲ್ಲ ಎಂದು ಗ್ಯಾರೇಜಿಗೆ ಬಂದ ಟ್ರ್ಯಾಕ್ಟರಿನಲ್ಲಿ ಡ್ರಮ್ ಸರಿಯಿದ್ದು ದೋಷ ಇಲ್ಲೇ ಇರುವುದೂ ಉಂಟು.

ಪತ್ತೆ ಮಾಡುವ ಬಗೆ

ಸರಪಳಿಯನ್ನು ಒಂದೊಂದೇ ಕೊಂಡಿಯಾಗಿ ಬೇರ್ಪಡಿಸಿ ನೋಡುವುದೇ ಸರಿಯಾದ ಕ್ರಮ. ಪೆಡಲನ್ನು ಎಳೆಗಂಬಿಯಿಂದ ಬಿಡಿಸಿ ಕೈಯಲ್ಲಿ ಅಲುಗಿಸಬೇಕು. ಪೆಡಲ್ ಹಗುರಾಗಿ ಆಡಿದರೆ ದೋಷ ಚಕ್ರದ ಕಡೆಗಿದೆ, ಆಡದಿದ್ದರೆ ಪೆಡಲ್ ಶಾಫ್ಟಿನಲ್ಲೇ ಇದೆ. ಆಮೇಲೆ ಕ್ಯಾಮಿನ ಹೊರಲಿವರನ್ನು ಕೈಯಿಂದ ತಿರುಗಿಸಿ ನೋಡಬೇಕು. ಲಿವರ್ ಆಡುತ್ತಿದ್ದರೂ ಚಕ್ರ ಬಿಡದಿದ್ದರೆ ಶೂ ಡ್ರಮ್ಮಿಗೆ ಕಚ್ಚಿದೆ, ಇಲ್ಲವೇ ಒಳಗೆ ಸ್ಪ್ರಿಂಗ್ ಮುರಿದಿದೆ ಅಥವಾ ಲೈನರ್ ಕಳಚಿ ಸಿಕ್ಕಿಕೊಂಡಿದೆ.

ಚಕ್ರ ತೆಗೆದ ಮೇಲೆ ಡ್ರಮ್ಮಿನ ಮುಖವನ್ನು ಸಣ್ಣ ಸುತ್ತಿಗೆಯಿಂದ ತಟ್ಟಿ ಕೇಳುವುದು ಅನುಭವಿ ಮೆಕ್ಯಾನಿಕ್‌ಗಳ ರೂಢಿ. ಬಿಗಿ ಹಿಡಿದ ಡ್ರಮ್ಮಿನ ಸದ್ದು ಮೊಂಡು. ಹಿಡಿತ ಸಡಿಲುತ್ತ ಬಂದಂತೆ ಸದ್ದು ತಿಳಿಯಾಗಿ ಗಂಟೆಯ ನಾದಕ್ಕೆ ತಿರುಗುತ್ತದೆ. ಎಣ್ಣೆ ಹಾಕಿ ಕಾಯುವಾಗ ಕೆಲಸ ಎಲ್ಲಿಗೆ ಬಂತೆಂದು ತಿಳಿಯಲು ಈ ಸದ್ದು ನೆರವಾಗುತ್ತದೆ. ಮೊದಲು ಗಣಗಣ ಎನ್ನುತ್ತಿದ್ದ ಡ್ರಮ್ ಪೆಟ್ಟಿನ ನಂತರ ಒಡಕು ಸದ್ದು ಕೊಟ್ಟರೆ ಎರಕದಲ್ಲಿ ಬಿರುಕು ಬಿಟ್ಟಿರುವ ಸಾಧ್ಯತೆ ಹೆಚ್ಚು.

ಸಿದ್ಧತೆ ಮತ್ತು ಸುರಕ್ಷತೆ

ಬ್ರೇಕ್ ಬಿಚ್ಚಿದ ಟ್ರ್ಯಾಕ್ಟರನ್ನು ತಡೆದು ನಿಲ್ಲಿಸುವ ಸಾಧನ ಉಳಿಯುವುದಿಲ್ಲ. ಆದ್ದರಿಂದ ಸಮತಟ್ಟಾದ ಗಟ್ಟಿ ನೆಲದಲ್ಲಿ ನಿಲ್ಲಿಸಿ ಮುಂದಿನ ಚಕ್ರಗಳಿಗೆ ಹಿಂದೆ ಮುಂದೆ ಅಡೆಗಲ್ಲು ಇಡಬೇಕು. ಟ್ರ್ಯಾಕ್ಟರಿನ ಮುಂದಿನ ಆಕ್ಸಲ್ ನಡುವಿನ ಪಿನ್ ಮೇಲೆ ತೂಗುತ್ತಿರುತ್ತದೆ. ಹಿಂದಿನ ಒಂದು ಬದಿಯನ್ನು ಎತ್ತಿದಾಗ ಇಡೀ ಟ್ರ್ಯಾಕ್ಟರ್ ಪಕ್ಕಕ್ಕೆ ವಾಲುವ ಅಪಾಯವಿದೆ. ಮುಂದಿನ ಆಕ್ಸಲ್ ಮತ್ತು ಅದರ ಮೇಲಿನ ಬ್ರಾಕೆಟಿನ ನಡುವೆ ಎರಡೂ ಬದಿ ಮರದ ಬೆಣೆ ಹೊಡೆದರೆ ಈ ತೂಗಾಟ ನಿಲ್ಲುತ್ತದೆ. ಎತ್ತಿದ ಮೇಲೆ ಭಾರವನ್ನು ಜಾಕಿಗೆ ಬಿಡದೆ ಆಕ್ಸಲ್ ಹೌಸಿಂಗಿನ ಅಡಿಗೆ ಗಟ್ಟಿ ಸ್ಟ್ಯಾಂಡ್ ಅಥವಾ ಅಡ್ಡಡ್ಡ ಪೇರಿಸಿದ ಮರದ ದಿಮ್ಮಿ ಕೊಡಬೇಕು. ಇಟ್ಟಿಗೆ, ಟೊಳ್ಳು ಸಿಮೆಂಟ್ ಬ್ಲಾಕ್ ಕೂಡದು. ಅವು ಮುನ್ಸೂಚನೆಯಿಲ್ಲದೆ ಪುಡಿಯಾಗುತ್ತವೆ. ಹಿಂದಿನ ಟೈರಿಗೆ ಹಿಡಿತಕ್ಕೆಂದು ನೀರು ತುಂಬಿಸಿದ್ದರೆ ಚಕ್ರವನ್ನು ಒಬ್ಬರೇ ಇಳಿಸುವ ಸಾಹಸ ಮಾಡಬಾರದು.

ಹಳೆಯ ಲೈನರುಗಳಲ್ಲಿ ಕಲ್ನಾರು ಇರುತ್ತಿತ್ತು. ಅದರ ನಾರಿನ ಧೂಳು ಶ್ವಾಸಕೋಶದ ಕ್ಯಾನ್ಸರಿಗೆ ಕಾರಣವೆಂದು ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ ಅದನ್ನು ಮೊದಲ ಗುಂಪಿನಲ್ಲಿಟ್ಟಿದೆ. ಡ್ರಮ್ಮಿನೊಳಗಿನ ಧೂಳನ್ನು ಕಂಪ್ರೆಸರ್ ಗಾಳಿಯಿಂದ ಊದುವುದು ನಮ್ಮ ಗ್ಯಾರೇಜುಗಳಲ್ಲಿ ಇಂದಿಗೂ ಕಾಣುವ ಅಭ್ಯಾಸ. ಇದನ್ನು ಬಿಡಲೇಬೇಕು. ಧೂಳನ್ನು ನೀರಿನಿಂದ ತೋಯಿಸಿ, ಒದ್ದೆ ಬಟ್ಟೆಯಲ್ಲಿ ಒರೆಸಿ, ಬಟ್ಟೆಯನ್ನು ಚೀಲದಲ್ಲಿ ಕಟ್ಟಿ ಹಾಕಬೇಕು. ನುಣ್ಣನೆಯ ಧೂಳು ತಡೆಯುವ ಮಾಸ್ಕ್ ಧರಿಸಬೇಕು. ಕ್ಲೋರಿನ್ ಇರುವ ಬ್ರೇಕ್ ಕ್ಲೀನರ್ ಬಳಸಿದ ಜಾಗದಲ್ಲಿ ವೆಲ್ಡಿಂಗ್ ಮಾಡಿದರೆ ಫಾಸ್ಜೀನ್ ಎಂಬ ವಿಷಾನಿಲ ಹುಟ್ಟುತ್ತದೆ. ಬಿಸಿ ಮಾಡುವ ಯೋಚನೆಯಿದ್ದರೆ ಆ ಕ್ಲೀನರನ್ನು ಮುಟ್ಟದಿರುವುದೇ ಲೇಸು.

ಸ್ಪ್ಯಾನರಿನ ಆಯ್ಕೆಯೂ ಸಿದ್ಧತೆಯ ಭಾಗ. ಈ ಟ್ರ್ಯಾಕ್ಟರುಗಳ ನಟ್ಟುಗಳು ಹೆಚ್ಚಾಗಿ ಇಂಚಿನ ಅಳತೆಯವು. ಮುಕ್ಕಾಲು ಇಂಚಿನ ನಟ್ಟಿಗೆ 19 ಮಿ.ಮೀ. ಸ್ಪ್ಯಾನರ್ ಸರಿಯಾಗಿ ಕೂರುತ್ತದೆ. ಆದರೆ 9/16 ಇಂಚು ಎಂದರೆ 14.29 ಮಿ.ಮೀ. ಅದಕ್ಕೆ 14 ಹಿಡಿಸುವುದಿಲ್ಲ, 15 ಹಾಕಿದರೆ ಸಡಿಲವಾಗಿ ತುಕ್ಕು ಹಿಡಿದ ನಟ್ಟಿನ ಮೂಲೆಗಳು ಸವೆದು ದುಂಡಾಗುತ್ತವೆ. ಇಂಚಿನ ಆರುಮೂಲೆ ಬಾಕ್ಸ್ ಸ್ಪ್ಯಾನರ್ ಇಟ್ಟುಕೊಳ್ಳುವುದು ಸಣ್ಣ ಖರ್ಚು. ದುಂಡಾದ ನಟ್ಟು ತೆಗೆಯುವುದು ದೊಡ್ಡ ಕೆಲಸ.

ಬಿಡಿಸುವ ಸಾಧನಗಳು: ಎಣ್ಣೆ, ಅದುರು, ಶಾಖ

ಸಂದಿಗೆ ಇಳಿಯುವ ಎಣ್ಣೆ ಮೊದಲ ಮದ್ದು. ಮಾರುಕಟ್ಟೆಯ ತುಕ್ಕು ಬಿಡಿಸುವ ಸ್ಪ್ರೇಗಳು ಇವೆ, ಡೀಸೆಲ್ ಮತ್ತು ಸೀಮೆಎಣ್ಣೆಯೂ ಬಳಕೆಯಲ್ಲಿವೆ. ಆಟೊಮ್ಯಾಟಿಕ್ ಗೇರ್‌ಬಾಕ್ಸಿಗೆ ಹಾಕುವ ಎಟಿಎಫ್ ಎಣ್ಣೆಯನ್ನು ಅಸಿಟೋನ್ ಜೊತೆ ಸಮಪಾಲು ಬೆರೆಸಿ ಬಳಸುವವರೂ ಇದ್ದಾರೆ. ಈ ಎರಡು ಬೇಗ ಬೇರ್ಪಡುವುದರಿಂದ ಪ್ರತಿ ಸಲ ಕುಲುಕಿ ಹಾಕಬೇಕು, ಬೆಂಕಿಯಿಂದ ದೂರವಿಡಬೇಕು. ಯಾವ ಎಣ್ಣೆಯಾದರೂ ಕೆಲಸ ಮಾಡುವುದು ಕಾಲ ಕೊಟ್ಟಾಗ. ಮೊದಲು ತಂತಿಬ್ರಶ್‌ನಿಂದ ಸಂದಿಯ ಬಾಯಿ ಬಿಡಿಸಿ, ಎಣ್ಣೆ ಹಾಕಿ, ತಟ್ಟಿ, ರಾತ್ರಿಯಿಡೀ ಬಿಟ್ಟು, ಮರುದಿನ ಮತ್ತೆ ಹಾಕಬೇಕು. ಎಣ್ಣೆ ಲೈನರಿಗೆ ತಾಗಿದರೆ ಆ ಲೈನರ್ ಮುಂದೆ ಉಪಯೋಗಕ್ಕೆ ಬಾರದು ಎಂಬುದನ್ನು ನೆನಪಿಡಬೇಕು.

ಎರಡನೆಯದು ಅದುರು. ಒಂದೇ ದೊಡ್ಡ ಪೆಟ್ಟಿಗಿಂತ ನೂರು ಸಣ್ಣ ಪೆಟ್ಟುಗಳು ಹೆಚ್ಚು ಕೆಲಸ ಮಾಡುತ್ತವೆ. ಅವು ತುಕ್ಕಿನ ಪದರವನ್ನು ಪುಡಿ ಮಾಡಿ ಎಣ್ಣೆಗೆ ದಾರಿ ಬಿಡಿಸುತ್ತವೆ. ತಾಮ್ರ ಅಥವಾ ಹಿತ್ತಾಳೆಯ ಸುತ್ತಿಗೆ ಇದಕ್ಕೆ ಸೂಕ್ತ. ಕಬ್ಬಿಣದ ಸುತ್ತಿಗೆಯಿದ್ದರೆ ನಡುವೆ ಗಟ್ಟಿಮರದ ತುಂಡು ಇಟ್ಟು ಹೊಡೆಯಬೇಕು.

ಮೂರನೆಯದು ಶಾಖ. ಹೊರಭಾಗ ಬಿಸಿಯಾಗಿ ಹಿಗ್ಗಿ ಒಳಭಾಗ ತಣ್ಣಗೇ ಉಳಿದರೆ ಹಿಡಿತ ಸಡಿಲುತ್ತದೆ. 100 ಮಿ.ಮೀ. ವ್ಯಾಸದ ಎರಕದ ತೂತನ್ನು 100 ಡಿಗ್ರಿ ಸೆಲ್ಸಿಯಸ್‌ನಷ್ಟು ಹೆಚ್ಚು ಬಿಸಿ ಮಾಡಿದರೆ ಅದು ಸುಮಾರು 0.1 ಮಿ.ಮೀ. ಅಗಲವಾಗುತ್ತದೆ. ತುಕ್ಕಿನ ಹಿಡಿತ ಮುರಿಯಲು ಇಷ್ಟು ಬೇಕಾದಷ್ಟಾಯಿತು. ಕೆಂಪಗಾಗುವಂತೆ ಕಾಯಿಸುವುದು ಬೇಡ. ನೀರಿನ ಹನಿ ಬಿದ್ದರೆ ಚುಂಯ್ ಎಂದು ಹಾರಿಹೋಗುವಷ್ಟು ಸಾಕು. ಜ್ವಾಲೆಯನ್ನು ಒಂದೇ ಕಡೆ ಹಿಡಿಯದೆ ಸುತ್ತಲೂ ಆಡಿಸಬೇಕು. ಬಿಸಿ ಎರಕದ ಮೇಲೆ ನೀರು ಸುರಿದರೆ ಅದು ಸೀಳುತ್ತದೆ. ಎಣ್ಣೆ ಹಾಕಿದ ಜಾಗವನ್ನು ಒರೆಸಿ ಒಣಗಿಸಿದ ಮೇಲೆಯೇ ಬೆಂಕಿ ಹಿಡಿಯಬೇಕು. ಹತ್ತಿರದ ಆಯಿಲ್ ಸೀಲ್ ಸುಟ್ಟುಹೋದೀತೆಂಬ ಲೆಕ್ಕವೂ ಇರಲಿ.

ಡ್ರಮ್ ಕಳಚುವುದು

ಡ್ರಮ್ ಬಾರದಿರಲು ಎರಡು ಬೇರೆ ಬೇರೆ ಕಾರಣಗಳಿರಬಹುದು. ಒಂದು, ಹಬ್ಬಿನ ಮೇಲೆ ತುಕ್ಕಿನ ಹಿಡಿತ. ಇನ್ನೊಂದು, ಒಳಗಿನ ಅಂಚು. ಶೂ ಉಜ್ಜುವ ಜಾಗ ವರ್ಷಗಟ್ಟಲೆ ಸವೆದು ತಗ್ಗಾದಾಗ ಅದು ಮುಟ್ಟದ ಒಳಬದಿಯ ಅಂಚು ಏಣಿನಂತೆ ಉಳಿಯುತ್ತದೆ. ಡ್ರಮ್ ಎಳೆದಾಗ ಈ ಏಣು ಶೂಗಳಿಗೆ ಸಿಕ್ಕಿಕೊಳ್ಳುತ್ತದೆ. ಆಗ ಎಷ್ಟು ಹೊಡೆದರೂ ಪ್ರಯೋಜನವಿಲ್ಲ, ಶೂ ಮತ್ತು ಪಿನ್ನುಗಳು ಮುರಿಯುತ್ತವೆ ಅಷ್ಟೆ. ಅದಕ್ಕೇ ಮೊದಲ ಹೆಜ್ಜೆ ಅಡ್ಜಸ್ಟರನ್ನು ಪೂರ್ತಿ ಹಿಂದಕ್ಕೆ ತಿರುಗಿಸಿ ಶೂಗಳನ್ನು ಒಳಕ್ಕೆ ಸರಿಸುವುದು. ಅಡ್ಜಸ್ಟರೂ ಜಾಮ್ ಆಗಿದ್ದರೆ ಅದರ ಕಿಂಡಿಯಿಂದ ಎಣ್ಣೆ ಬಿಟ್ಟು ಹಿಂದೆ ಮುಂದೆ ಆಡಿಸಬೇಕು.

ಮುಂದಿನ ಹೆಜ್ಜೆ ಎರಡು ಸ್ಕ್ರೂಗಳು. ಅವುಗಳ ಸೀಳಿನ ಮಣ್ಣನ್ನು ಕೆರೆದು, ಸೀಳಿಗೆ ಸರಿಯಾಗಿ ಕೂರುವ ಇಂಪ್ಯಾಕ್ಟ್ ಸ್ಕ್ರೂಡ್ರೈವರ್ ಇಟ್ಟು ಸುತ್ತಿಗೆಯಿಂದ ಹೊಡೆಯಬೇಕು. ಪೆಟ್ಟಿನ ಒತ್ತಡ ಸ್ಕ್ರೂವನ್ನು ಒಳಕ್ಕೆ ಅದುಮುತ್ತಲೇ ತಿರುಗಿಸುವುದರಿಂದ ಸೀಳು ಜಾರುವುದಿಲ್ಲ. ಅದಕ್ಕೂ ಬಗ್ಗದಿದ್ದರೆ ತಲೆಯನ್ನು ಡ್ರಿಲ್ ಮಾಡಿ ತೆಗೆಯಬಹುದು. ಡ್ರಮ್ ಬಂದ ಮೇಲೆ ಉಳಿದ ಮೋಟು ಹಿಡಿತಕ್ಕೆ ಸಿಗುತ್ತದೆ.

ಈಗ ಹಬ್ಬಿನ ಸುತ್ತ ಎಣ್ಣೆ ಬಿಟ್ಟು, ಚಕ್ರದ ಸ್ಟಡ್ಡುಗಳ ನಡುವಿನ ದಪ್ಪ ಜಾಗದಲ್ಲಿ ಸುತ್ತಲೂ ತಟ್ಟಬೇಕು. ಹೊರ ಅಂಚಿಗೆ ಹೊಡೆಯಬಾರದು, ತೆಳುವಾದ ಅಂಚು ತುಂಡಾಗಿ ಹಾರುತ್ತದೆ. ಡ್ರಮ್ಮಿನಲ್ಲಿ ಎಳೆ ಕೊರೆದ ತೂತುಗಳಿದ್ದರೆ ಅವಕ್ಕೆ ಬೋಲ್ಟ್ ಹಾಕಿ ಎದುರುಬದುರಾಗಿ ಅರ್ಧ ಅರ್ಧ ಸುತ್ತು ಬಿಗಿಯುತ್ತ ಬಂದರೆ ಡ್ರಮ್ ನೇರವಾಗಿ ಹೊರಬರುತ್ತದೆ. ಒಂದೇ ಕಡೆ ಬಿಗಿದರೆ ಓರೆಯಾಗಿ ಇನ್ನಷ್ಟು ಬಿಗಿದುಕೊಳ್ಳುತ್ತದೆ. ಪುಲ್ಲರ್ ಬಳಸುವಾಗ ಎಳೆತವನ್ನು ಬಿಗಿಯಿಟ್ಟು, ನಡುವಿನ ಸ್ಕ್ರೂವಿನ ತಲೆಗೆ ಒಂದು ಪೆಟ್ಟು ಕೊಟ್ಟು, ಸ್ವಲ್ಪ ಹೊತ್ತು ಕಾದು, ಮತ್ತೆ ಬಿಗಿಯಬೇಕು. ಇಷ್ಟಕ್ಕೂ ಬಾರದಿದ್ದಾಗ ಹಬ್ ಸುತ್ತಲಿನ ಡ್ರಮ್ ಭಾಗಕ್ಕೆ ಶಾಖ ಕೊಡಬೇಕು.

ಯಾವ ಉಪಾಯಕ್ಕೂ ಬಗ್ಗದ ಡ್ರಮ್ಮನ್ನು ಗ್ರೈಂಡರಿನಿಂದ ಸೀಳುವುದು ಕೊನೆಯ ದಾರಿ. ಡ್ರಮ್ ಹೊಸದು ಸಿಗುತ್ತದೆ. ಆಕ್ಸಲ್ ಶಾಫ್ಟಿಗೆ ಗಾಯವಾದರೆ ನಷ್ಟ ಅದರ ಹಲವು ಪಟ್ಟು. ಆದ್ದರಿಂದ ಸೀಳು ಹಬ್ಬಿಗೆ ಮುಟ್ಟುವ ಮೊದಲೇ ನಿಲ್ಲಿಸಿ, ಉಳಿದ ತೆಳು ಪದರವನ್ನು ಚಾಣದಿಂದ ಒಡೆಯಬೇಕು.

ಶೂ ಡ್ರಮ್ಮಿಗೆ ಬೆಸೆದುಕೊಂಡಿದ್ದರೆ ಟ್ರ್ಯಾಕ್ಟರನ್ನು ಇನ್ನೊಂದು ಟ್ರ್ಯಾಕ್ಟರಿಗೆ ಕಟ್ಟಿ ಎಳೆಯುವ ರೂಢಿಯಿದೆ. ಹಿಡಿತ ಬಿಡುವುದೂ ಉಂಟು, ಲೈನರ್ ಕಿತ್ತು ಶೂ ಮತ್ತು ಡ್ರಮ್ಮಿನ ನಡುವೆ ಸಿಕ್ಕಿಕೊಂಡು ಚಕ್ರ ಶಾಶ್ವತವಾಗಿ ನಿಲ್ಲುವುದೂ ಉಂಟು. ಎಳೆಯುವ ಮೊದಲು ಡ್ರಮ್ಮನ್ನು ಸುತ್ತಲೂ ತಟ್ಟಿ, ಎಳೆಯುವಾಗ ಹಿಂದೆ ಮುಂದೆ ಸ್ವಲ್ಪಸ್ವಲ್ಪವೇ ಆಡಿಸುವುದು ಮೇಲು.

ಕ್ಯಾಮ್ ಮತ್ತು ಪೆಡಲ್ ಶಾಫ್ಟ್

ಕ್ಯಾಮ್ ಶಾಫ್ಟಿನಿಂದ ಲಿವರ್ ತೆಗೆಯುವ ಮೊದಲು ಎರಡಕ್ಕೂ ಪಂಚಿನಿಂದ ಎದುರುಬದುರು ಗುರುತು ಹೊಡೆಯಬೇಕು. ಒಂದು ಹಲ್ಲು ತಪ್ಪಿ ಕೂತರೂ ಪೆಡಲಿನ ಅಳತೆ ಕೆಡುತ್ತದೆ. ಬುಷ್ಷಿನ ಎರಡೂ ತುದಿಗೆ ಎಣ್ಣೆ ಹಾಕಿ ನೆನೆಸಿ, ಲಿವರನ್ನು ಬಂದಷ್ಟೇ ಆಡಿಸಬೇಕು. ಮೊದಲು ಒಂದೆರಡು ಡಿಗ್ರಿ ಮಾತ್ರ ಅಲುಗುತ್ತದೆ. ಪ್ರತಿ ಅಲುಗಾಟಕ್ಕೂ ಸಂದಿಯಿಂದ ಕಂದು ಬಣ್ಣದ ಎಣ್ಣೆ ಒಸರುತ್ತದೆ. ಅದು ಒಳಗಿನ ತುಕ್ಕು ಹೊರಬರುತ್ತಿರುವ ಗುರುತು. ಅದನ್ನು ಒರೆಸಿ ಹೊಸ ಎಣ್ಣೆ ಹಾಕುತ್ತ ಹೋದರೆ ಅಲುಗಾಟ ಹಿಗ್ಗುತ್ತದೆ, ಎಣ್ಣೆ ತಿಳಿಯಾಗುತ್ತದೆ. ಆಮೇಲೆ ಶಾಫ್ಟ್ ತಾನಾಗಿ ಬರುತ್ತದೆ. ತುದಿಗೆ ಹೊಡೆಯಲೇಬೇಕಾದರೆ ಎಳೆಗಳು ಕೆಡದಂತೆ ನಟ್ಟು ಹಾಕಿ ಹೊಡೆಯಬೇಕು. ಶಾಖ ಕೊಡುವುದಾದರೆ ಬುಷ್ ಕೂತ ಹೊರಭಾಗಕ್ಕೆ ಕೊಡಬೇಕು, ಶಾಫ್ಟಿಗೆ ಕೊಟ್ಟರೆ ಅದೇ ಹಿಗ್ಗಿ ಬಿಗಿಯುತ್ತದೆ.

ಪೆಡಲ್ ಶಾಫ್ಟಿನಲ್ಲಿ ಗ್ರೀಸ್ ನಿಪ್ಪಲ್ ಬಿಚ್ಚಿ ಆ ತೂತಿನಿಂದ ಡೀಸೆಲ್ ಇಳಿಸಬಹುದು. ಗಟ್ಟಿಯಾದ ಗ್ರೀಸು ಮೆತ್ತಗಾದ ಮೇಲೆ ಹೊಸ ನಿಪ್ಪಲ್ ಹಾಕಿ ಗನ್ನಿನಿಂದ ಗ್ರೀಸ್ ಒತ್ತಿದರೆ ಹಳೆಯ ಅಂಟು ಎರಡು ಬದಿಯಿಂದ ಹೊರಬರುತ್ತದೆ. ಎಳೆಗಂಬಿಯ ಪಿನ್ನುಗಳು ಜಾಮ್ ಆಗಿದ್ದರೆ ಕಾದಾಡುವುದು ಬೇಡ. ಅವು ಅಗ್ಗದ ಭಾಗಗಳು, ಕತ್ತರಿಸಿ ಹೊಸವು ಹಾಕುವುದೇ ಸರಿ.

ಬಿಚ್ಚುವಾಗ ಮುರಿದ ಸ್ಟಡ್ ಮೇಲೆ ನಟ್ಟು ಇಟ್ಟು ಅದರ ತೂತಿನೊಳಗಿನಿಂದ ವೆಲ್ಡ್ ಮಾಡುವ ಉಪಾಯ ಬಹಳ ಸಲ ಫಲಿಸುತ್ತದೆ. ವೆಲ್ಡಿಂಗಿನ ಶಾಖವೇ ತುಕ್ಕನ್ನು ಸಡಿಲಿಸುತ್ತದೆ, ನಟ್ಟು ಹೊಸ ಹಿಡಿ ಆಗುತ್ತದೆ.

ಡಿಸ್ಕ್ ಬ್ರೇಕ್

ಡಿಸ್ಕ್ ಬಗೆಯಲ್ಲಿ ಹೌಸಿಂಗಿನ ಬೋಲ್ಟುಗಳನ್ನು ಬಿಚ್ಚಿ, ಅದರ ಅಂಚನ್ನು ಮರದ ಸುತ್ತಿಗೆಯಿಂದ ತಟ್ಟಿ ಕಳಚಬೇಕು. ಡಿಸ್ಕ್ ಸ್ಪ್ಲೈನಿಗೆ ಕಚ್ಚಿದ್ದರೆ ಎದುರುಬದುರು ಎರಡು ಮೀಟುಗೋಲು ಕೊಟ್ಟು ಸಮನಾಗಿ ಎತ್ತಬೇಕು. ಮೀಟುಗೋಲು ಲೈನರಿನ ಅಂಚಿಗೆ ತಾಗಿದರೆ ಲೈನರ್ ಸಿಡಿಯುತ್ತದೆ. ಗುಂಡಿನ ಪ್ಲೇಟುಗಳು ಜಾಮ್ ಆಗಿದ್ದರೆ ಜೋಡಿಯನ್ನೇ ಹೊರತೆಗೆದು ಡೀಸೆಲಿನಲ್ಲಿ ನೆನೆಸಿ, ಎದುರುಬದುರು ತಿರುಚಿ ಬಿಡಿಸಬೇಕು. ಸ್ಪ್ರಿಂಗ್ ಕಳಚುವಾಗ ಕಣ್ಣಿಗೆ ಕನ್ನಡಕ ಇರಲಿ. ಇಳಿಜಾರು ಗುಳಿಗಳಲ್ಲಿ ಗುಂಡು ಕೂತ ಜಾಗ ಕೊರೆದು ಹೊಂಡವಾಗಿದ್ದರೆ ತೊಳೆದು ಹಾಕಿ ಪ್ರಯೋಜನವಿಲ್ಲ. ಗುಂಡು ಹೊಂಡದಲ್ಲಿ ಸಿಕ್ಕಿ ಬ್ರೇಕ್ ಮತ್ತೆ ಹಿಡಿದುಕೊಳ್ಳುತ್ತದೆ, ಪ್ಲೇಟನ್ನೇ ಬದಲಿಸಬೇಕು.

ಮರುಜೋಡಣೆ ಮತ್ತು ತಡೆ

ಕಳಚಿದ ಮೇಲೆ ಕಾರಣವನ್ನು ಸರಿಪಡಿಸದಿದ್ದರೆ ಮುಂದಿನ ಮಳೆಗಾಲಕ್ಕೆ ಅದೇ ಕೆಲಸ ಕಾದಿರುತ್ತದೆ. ಆಕ್ಸಲಿನ ಎಣ್ಣೆ ಸೋರುತ್ತಿದ್ದರೆ ಸೀಲ್ ಬದಲಿಸದೆ ಹೊಸ ಲೈನರ್ ಹಾಕುವುದು ದಂಡ. ಎಣ್ಣೆ ಕುಡಿದ ಲೈನರನ್ನು ಬೆಂಕಿಯಲ್ಲಿ ಸುಟ್ಟು ಒಣಗಿಸಿ ಮತ್ತೆ ಹಾಕಬಾರದು, ಹೊಗೆಯೂ ಅಪಾಯ, ಹಿಡಿತವೂ ಬಾರದು. ಲೈನರನ್ನು ಯಾವಾಗಲೂ ಎರಡೂ ಚಕ್ರಗಳಿಗೆ ಒಟ್ಟಿಗೆ ಹಾಕಬೇಕು. ಹಬ್ ಮತ್ತು ಡ್ರಮ್ ಕೂಡುವ ಜಾಗವನ್ನು ಎಮರಿ ಪೇಪರಿನಿಂದ ಉಜ್ಜಿ, ತಾಮ್ರದ ಪುಡಿಯಿರುವ ಜಾಮ್‌ನಿರೋಧಕ ಗ್ರೀಸನ್ನು ತೆಳುವಾಗಿ ಸವರಿದರೆ ಮುಂದೆ ಡ್ರಮ್ ಕೈಯಲ್ಲೇ ಬರುತ್ತದೆ. ಕ್ಯಾಮ್ ಬುಷ್ಷಿಗೂ ಗ್ರೀಸು ಅಳತೆಯಲ್ಲಿರಲಿ. ಹೆಚ್ಚಾದದ್ದು ಬಿಸಿಗೆ ಕರಗಿ ಲೈನರಿಗೆ ಇಳಿಯುತ್ತದೆ.

ಅಡ್ಜಸ್ಟರನ್ನು ಚಕ್ರ ನಿಲ್ಲುವವರೆಗೆ ಬಿಗಿದು, ಸಲೀಸಾಗಿ ತಿರುಗುವಷ್ಟು ಹಿಂದಕ್ಕೆ ಬಿಡಬೇಕು. ಎರಡೂ ಪೆಡಲುಗಳು ಒಂದೇ ಮಟ್ಟದಲ್ಲಿ ಹಿಡಿಯುವಂತೆ ಎಳೆಗಂಬಿಯ ಉದ್ದ ಹೊಂದಿಸಬೇಕು. ಕೆಸರಿನ ಕೆಲಸ ಮುಗಿದ ದಿನ ತೊಳೆದ ನಂತರ ಸ್ವಲ್ಪ ದೂರ ಓಡಿಸಿ, ನಡುನಡುವೆ ಬ್ರೇಕ್ ಒತ್ತಿ ಒಳಗಿನ ತೇವ ಆರಿಸಬೇಕು. ತಿಂಗಳುಗಟ್ಟಲೆ ನಿಲ್ಲಿಸುವ ಟ್ರ್ಯಾಕ್ಟರಿನ ಬ್ರೇಕ್ ಕೊಂಡಿಯನ್ನು ಬಿಡಿಸಿ ಚಕ್ರಕ್ಕೆ ಅಡೆ ಇಡಬೇಕು.

ದುರಸ್ತಿಯ ಕೊನೆಯ ಪರೀಕ್ಷೆ ಖಾಲಿ ರಸ್ತೆಯಲ್ಲಿ, ನಿಧಾನ ವೇಗದಲ್ಲಿ, ಪೆಡಲುಗಳನ್ನು ಜೋಡಿಸಿ ನಡೆಯಬೇಕು. ಟ್ರ್ಯಾಕ್ಟರ್ ಒಂದು ಬದಿಗೆ ಎಳೆದರೆ ಕೆಲಸ ಇನ್ನೂ ಮುಗಿದಿಲ್ಲ. ಮಂಡ್ಯ, ಬೆಳಗಾವಿಯ ಕಬ್ಬಿನ ಹಂಗಾಮಿನಲ್ಲಿ ಟ್ರೇಲರುಗಳ ಭಾರವನ್ನೆಲ್ಲ ಇಳಿಜಾರಿನಲ್ಲಿ ತಡೆಯಬೇಕಾದದ್ದು ಹೆಚ್ಚಾಗಿ ಟ್ರ್ಯಾಕ್ಟರಿನ ಈ ಎರಡು ಡ್ರಮ್ಮುಗಳೇ. ಒಂದು ಹಿಡಿದು ಇನ್ನೊಂದು ಹಿಡಿಯದಿದ್ದರೆ ಟ್ರ್ಯಾಕ್ಟರ್ ಅಡ್ಡ ತಿರುಗುತ್ತದೆ, ಹಿಂದಿನ ಭಾರ ಅದನ್ನು ಮಗುಚುತ್ತದೆ. ಆದ್ದರಿಂದ ಎರಡೂ ಬದಿ ಸಮನಾಗಿ ಹಿಡಿದು ಸಮನಾಗಿ ಬಿಡುವವರೆಗೆ ಆ ಟ್ರ್ಯಾಕ್ಟರಿಗೆ ಟ್ರೇಲರ್ ಕಟ್ಟಬಾರದು.